ಎಣ್ಣೆ ಒಳಹೊಕ್ಕರೆ ಮೈಸೆಲ್ ಬದಲಾಗುತ್ತದೆ

ಕಳೆದ ಸಂಚಿಕೆಯಲ್ಲಿ ಸಾಬೂನಿನ ನೊರೆಯ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ನೊರೆಯನ್ನು ಬಿಟ್ಟು ಮೈಸೆಲ್‌ಗಳ ಬೆನ್ನು ಹತ್ತಿವೆ. ನೀರಿನಲ್ಲಿ ಸಾಬೂನಿನ ಅಣುಗಳು ನೀರಿಗೆ ಒಗ್ಗದ ಬಾಲವನ್ನು ಒಳಗೆ, ನೀರನ್ನು ಇಷ್ಟಪಡುವ ತಲೆಯನ್ನು ಹೊರಗೆ ಮಾಡಿ ಕಟ್ಟಿಕೊಳ್ಳುವ ಪುಟ್ಟ ಕೂಟವೇ ಮೈಸೆಲ್. ಎಣ್ಣೆ, ಜಿಡ್ಡು, ಸುವಾಸನೆ ಒಳಗೆ ಸೇರಿದಾಗ ಮೈಸೆಲ್‌ಗೆ ಏನಾಗುತ್ತದೆ ಎಂಬುದೇ ಬಹಳ ಪತ್ರಗಳ ತಿರುಳು. ಅವುಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಾನು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಪಠ್ಯಪುಸ್ತಕದ ಚಿತ್ರದಲ್ಲಿ ಸಾಬೂನಿನ ಅಣುಗಳು ಜಿಡ್ಡಿನ ಹನಿಯೊಂದನ್ನು ಸುತ್ತುವರಿದು, ಬಾಲ ಒಳಗೆ ತಲೆ ಹೊರಗೆ ಮಾಡಿ ನಿಂತಿರುತ್ತವೆ. ಒಬ್ಬ ವಿದ್ಯಾರ್ಥಿನಿ ಕೇಳಿದಳು: ಎಣ್ಣೆ ಬರುವ ಮೊದಲು ಆ ಜಾಗದಲ್ಲಿ ಏನಿತ್ತು? ಎಣ್ಣೆ ಬಂದ ಮೇಲೆ ಮೈಸೆಲ್ ಹಿಗ್ಗುತ್ತದೆಯೇ, ಇದ್ದಷ್ಟೇ ಇರುತ್ತದೆಯೇ? — ಉಪನ್ಯಾಸಕರು, ಧಾರವಾಡ

ಉತ್ತರ: ಆ ಹುಡುಗಿಯ ಪ್ರಶ್ನೆ ನೇರವಾಗಿ ವಿಷಯದ ಬುಡಕ್ಕೇ ಕೈಹಾಕಿದೆ. ಅವಳಿಗೆ ನನ್ನ ಮೆಚ್ಚುಗೆ ತಿಳಿಸಿ.

ಎಣ್ಣೆ ಬರುವ ಮೊದಲು ಅಲ್ಲಿ ಖಾಲಿ ಜಾಗ ಇರಲೇ ಇಲ್ಲ. ಮೈಸೆಲ್ ಒಳಗೆ ಟೊಳ್ಳಲ್ಲ. ಅದರ ಒಡಲು ಪೂರ್ತಿ ಬಾಲಗಳಿಂದಲೇ ತುಂಬಿರುತ್ತದೆ. ಸೋಡಿಯಂ ಡೋಡೆಸಿಲ್ ಸಲ್ಫೇಟನ್ನೇ ತೆಗೆದುಕೊಳ್ಳಿ. ಶಾಂಪೂ, ಟೂತ್‌ಪೇಸ್ಟ್ ಡಬ್ಬಿಗಳ ಮೇಲೆ ಸೋಡಿಯಂ ಲಾರಿಲ್ ಸಲ್ಫೇಟ್ ಎಂದು ಬರೆದಿರುತ್ತದಲ್ಲ, ಅದೇ. ಅದರ ಬಾಲದಲ್ಲಿ 12 ಇಂಗಾಲದ ಪರಮಾಣುಗಳು. ಅಮೆರಿಕದ ವಿಜ್ಞಾನಿ ಚಾರ್ಲ್ಸ್ ಟ್ಯಾನ್‌ಫರ್ಡ್ ಕೊಟ್ಟ ಸರಳ ಸೂತ್ರದ ಪ್ರಕಾರ, ಪೂರ್ತಿ ಚಾಚಿದಾಗ ಆ ಬಾಲದ ಉದ್ದ ಸುಮಾರು 1.67 ನ್ಯಾನೊಮೀಟರ್, ಗಾತ್ರ ಸುಮಾರು 0.35 ಘನ ನ್ಯಾನೊಮೀಟರ್. ನಡುವೆ ಖಾಲಿ ಬಿಡುವಂತಿಲ್ಲವಾದ್ದರಿಂದ ಒಡಲಿನ ತ್ರಿಜ್ಯ ಬಾಲದ ಉದ್ದವನ್ನು ಮೀರುವಂತಿಲ್ಲ. ಈಗ ತರಗತಿಯಲ್ಲೇ ಲೆಕ್ಕ ಹಾಕಿಸಿ. 1.67 ನ್ಯಾನೊಮೀಟರ್ ತ್ರಿಜ್ಯದ ಗೋಳದ ಗಾತ್ರ ಸುಮಾರು 19.5 ಘನ ನ್ಯಾನೊಮೀಟರ್. ಅದನ್ನು 0.35ರಿಂದ ಭಾಗಿಸಿದರೆ 56 ಬರುತ್ತದೆ, ಎಂದರೆ ಒಂದು ಮೈಸೆಲ್ಲಿನಲ್ಲಿ ಹಿಡಿಸುವ ಅಣುಗಳು ಅಷ್ಟು. ಪ್ರಯೋಗಗಳಲ್ಲಿ ಸಿಗುವ ಸಂಖ್ಯೆ 60ರ ಆಸುಪಾಸು. ಬರಿಯ ಜ್ಯಾಮಿತಿ ಇಷ್ಟು ಹತ್ತಿರಕ್ಕೆ ತಂದು ನಿಲ್ಲಿಸುತ್ತದೆಂಬುದು ನನಗೆ ಇವತ್ತಿಗೂ ಖುಷಿ ಕೊಡುವ ಸಂಗತಿ.

ಈಗ ಹೆಕ್ಸೇನ್ ಅಥವಾ ಡೆಕೇನ್‌ನಂಥ ಎಣ್ಣೆಯ ಅಣುಗಳು ಒಳಗೆ ಬಂದವು ಎನ್ನೋಣ. ಅವಕ್ಕೆ ನೀರೆಂದರೆ ಆಗದು, ಹಾಗಾಗಿ ಒಡಲಿನ ನಡುಭಾಗಕ್ಕೆ ಸೇರುತ್ತವೆ. ನಡುವನ್ನು ಎಣ್ಣೆ ತುಂಬಿತೆಂದರೆ ಅಲ್ಲಿಯವರೆಗೆ ಬಾಲ ಚಾಚಬೇಕೆಂಬ ಕಟ್ಟುಪಾಡು ಹೋಯಿತು. ಮೈಸೆಲ್ ಹಿಗ್ಗುತ್ತದೆ. ಹಿಗ್ಗಿದ ಮೇಲ್ಮೈಯಲ್ಲಿ ಎಣ್ಣೆ ನೀರಿಗೆ ತೆರೆದುಕೊಳ್ಳದಂತೆ ಇನ್ನಷ್ಟು ಸಾಬೂನಿನ ಅಣುಗಳು ಬಂದು ಸೇರಿಕೊಳ್ಳುತ್ತವೆ. ಎಂದರೆ ಎಣ್ಣೆ ಬಂದದ್ದಷ್ಟೇ ಅಲ್ಲ, ಕೂಟದ ಸದಸ್ಯರ ಸಂಖ್ಯೆಯೂ ಏರಿತು.

ಎಲ್ಲ ಅತಿಥಿಗಳೂ ನಡುಮನೆಗೇ ಹೋಗುವುದಿಲ್ಲ. ಹೆಕ್ಸನಾಲ್‌ನಂಥ ಮದ್ಯಸಾರಗಳಿಗೆ ನೀರನ್ನು ಇಷ್ಟಪಡುವ ಒಂದು ತುದಿಯಿದೆ. ಅವು ಸಾಬೂನಿನ ಅಣುಗಳ ನಡುವೆ, ತಲೆಗಳ ಸಾಲಿನಲ್ಲಿಯೇ ತಮ್ಮ ತಲೆಯನ್ನೂ ಇಟ್ಟು ನಿಲ್ಲುತ್ತವೆ. ಒಂದನ್ನೊಂದು ದೂಡುತ್ತಿದ್ದ ಋಣಾತ್ಮಕ ತಲೆಗಳ ನಡುವೆ ವಿದ್ಯುದಂಶವಿಲ್ಲದವನೊಬ್ಬ ಬಂದು ನಿಂತರೆ ದೂಡಾಟ ತಗ್ಗುತ್ತದೆ. ಆಗ ಮೈಸೆಲ್ ಕಟ್ಟುವುದೇ ಸುಲಭವಾಗಿ, ಇನ್ನೂ ಕಡಿಮೆ ಸಾಬೂನಿನಲ್ಲಿಯೇ ಅದು ಹುಟ್ಟಿಕೊಳ್ಳುತ್ತದೆ. ಬೆಂಜೀನ್‌ನದು ಇವೆರಡರ ನಡುವಿನ ದಾರಿ: ಮೊದಮೊದಲು ಅಂಚಿನ ಹತ್ತಿರ, ಪ್ರಮಾಣ ಹೆಚ್ಚಾದಂತೆ ಒಳಕ್ಕೂ.

ನಿಮ್ಮ ಚಿತ್ರದ ಬಗ್ಗೆ ಒಂದು ತಕರಾರು ಹೇಳಲೇಬೇಕು. ತಟ್ಟೆಯ ಮೇಲೆ ಕಾಣುವ 1 ಮಿಲಿಮೀಟರ್ ಅಗಲದ ಎಣ್ಣೆಯ ಹನಿಯ ಪಕ್ಕದಲ್ಲಿ 4 ನ್ಯಾನೊಮೀಟರ್ ಅಗಲದ ಮೈಸೆಲ್ಲನ್ನು ಇಟ್ಟು ನೋಡಿ. ಹನಿ 2,50,000 ಪಟ್ಟು ಅಗಲ. ಮೈಸೆಲ್ ಅದನ್ನು ನುಂಗುವ ಮಾತೇ ಇಲ್ಲ. ಸಾಲದ್ದಕ್ಕೆ, ನಮ್ಮ ಅಡುಗೆ ಎಣ್ಣೆಯ ಟ್ರೈಗ್ಲಿಸರೈಡ್ ಅಣುವಿಗೆ ಮೂರು ಉದ್ದನೆಯ ಬಾಲಗಳು. ಅಷ್ಟು ದಪ್ಪದ ಅಣು ಚಿಕ್ಕ ಮೈಸೆಲ್ಲಿನೊಳಗೆ ಬಹಳ ಕಡಿಮೆ ಹಿಡಿಯುತ್ತದೆ. ಪಾತ್ರೆ ತೊಳೆಯುವಾಗ ನಡೆಯುವ ದೊಡ್ಡ ಕೆಲಸವೇ ಬೇರೆ. ಸಾಬೂನಿನ ನೀರು ಪಾತ್ರೆಯ ಮೈಗೂ ಜಿಡ್ಡಿಗೂ ನಡುವೆ ನುಸುಳುತ್ತದೆ, ಹರಡಿಕೊಂಡ ಜಿಡ್ಡು ಉಂಡೆಯಾಗಿ ಸುರುಳಿ ಏಳುತ್ತದೆ, ನಾರಿನ ಉಜ್ಜುವಿಕೆಗೆ ಕಿತ್ತು ಬಂದು ಸಣ್ಣ ಹನಿಗಳಾಗಿ ಚದುರುತ್ತದೆ. ಈ ಹನಿಗಳ ಸುತ್ತಲೂ ಸಾಬೂನು ನಿಂತಿರುವುದು ನಿಜ, ಆದರೆ ಅವು ಮೈಸೆಲ್‌ಗಳಲ್ಲ, ಎಮಲ್ಶನ್ನಿನ ಹನಿಗಳು. ಮೈಸೆಲ್ಲಿನ ಒಡಲು ಸೇರುವುದು ಸುವಾಸನೆಯ ತೈಲ, ಕೆಲವು ಬಣ್ಣ, ಕೊಬ್ಬಿನಾಮ್ಲದಂಥ ಚಿಕ್ಕ ಅಣುಗಳು. ಪರೀಕ್ಷೆಗೆ ಪುಸ್ತಕದ ಚಿತ್ರವನ್ನೇ ಬರೆಯಲಿ, ಆದರೆ ಈ ವ್ಯತ್ಯಾಸ ಮಕ್ಕಳ ತಲೆಯಲ್ಲಿ ಉಳಿಯಲಿ.

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಹತ್ತು ಹೆಂಗಸರ ಸ್ವಸಹಾಯ ಸಂಘ. ಪಾತ್ರೆ ತೊಳೆಯುವ ಲಿಕ್ವಿಡ್ ಮಾಡಿ ಸಂತೆಯಲ್ಲಿ ಮಾರುತ್ತೇವೆ. ಎಸ್‌ಎಲ್‌ಇಎಸ್ ಎಂಬ ಸಾಬೂನಿನಂಥ ಪೇಸ್ಟನ್ನು ನೀರಿನಲ್ಲಿ ಕದಡಿ ಉಪ್ಪು ಹಾಕಿದರೆ ಜೇನಿನ ಹದಕ್ಕೆ ಬರುತ್ತದೆ. ಕೊನೆಗೆ ನಿಂಬೆ ಸೆಂಟು ಹಾಕಿದ ಕೂಡಲೇ ನೀರಾಗುತ್ತದೆ. ಮತ್ತೆ ಉಪ್ಪು ಹಾಕಿದರೆ ಇನ್ನೂ ನೀರಾಯಿತು. ಗಿರಾಕಿಗಳು ನೀರು ಬೆರೆಸಿದ್ದೀರಿ ಎನ್ನುತ್ತಾರೆ. ಎಲ್ಲಿ ತಪ್ಪಾಗುತ್ತಿದೆ? — ಸಂಘದ ಪ್ರತಿನಿಧಿ, ರಾಣೆಬೆನ್ನೂರು ತಾಲ್ಲೂಕು

ಉತ್ತರ: ನಿಮ್ಮ ಕೈ ಎಲ್ಲೂ ತಪ್ಪಿಲ್ಲ. ಎಣ್ಣೆ ಸೇರಿದಾಗ ಮೈಸೆಲ್ ರೂಪ ಬದಲಿಸುವುದನ್ನು ಬಕೆಟ್ಟಿನಲ್ಲಿಯೇ ಕಣ್ಣಾರೆ ಕಂಡಿದ್ದೀರಿ. ಪ್ರಯೋಗಾಲಯಗಳಲ್ಲಿ ಇದನ್ನು ದುಬಾರಿ ಯಂತ್ರ ಇಟ್ಟುಕೊಂಡು ಅಳೆಯುತ್ತಾರೆ.

ಪೇಸ್ಟನ್ನು ನೀರಿಗೆ ಕದಡಿದಾಗ ಅದರಲ್ಲಿ ಚಿಕ್ಕ ಉಂಡೆಯಾಕಾರದ ಮೈಸೆಲ್‌ಗಳಿರುತ್ತವೆ. ಉಂಡೆಗಳು ಒಂದರ ಪಕ್ಕ ಒಂದು ಸಲೀಸಾಗಿ ಜಾರುವುದರಿಂದ ದ್ರವ ತೆಳ್ಳಗೆ. ಉಪ್ಪು ಹಾಕಿದಾಗ ಅದರ ಸೋಡಿಯಂ ಅಯಾನುಗಳು ತಲೆಗಳ ನಡುವಿನ ದೂಡಾಟವನ್ನು ತಗ್ಗಿಸುತ್ತವೆ. ತಲೆಗಳು ಹತ್ತಿರ ಹತ್ತಿರ ಕೂರಲು ಆದಾಗ ಅಷ್ಟೊಂದು ಬಾಗಿದ ಉಂಡೆಯ ಮೇಲ್ಮೈ ಬೇಕಾಗುವುದಿಲ್ಲ. ಉಂಡೆ ಉದ್ದವಾಗಿ ಕಡ್ಡಿಯಾಗುತ್ತದೆ, ಕಡ್ಡಿ ಇನ್ನೂ ಬೆಳೆದು ಹುಳುವಿನಂತೆ ಬಳುಕುತ್ತದೆ. ದಪ್ಪ ಕೆಲವೇ ನ್ಯಾನೊಮೀಟರ್, ಉದ್ದ ಮಾತ್ರ ಅದರ ನೂರಾರು ಪಟ್ಟು. ಬೆಂದ ಶಾವಿಗೆಯ ಎಳೆಗಳಂತೆ ಅವು ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ. ನೀವು ಹೇಳುವ ಜೇನಿನ ಹದ ಹುಟ್ಟುವುದು ಈ ಸಿಕ್ಕಿನಿಂದ. ನಿಮ್ಮ ಲಿಕ್ವಿಡ್ಡಿನಲ್ಲಿ ಅಂಟು, ಗೋಂದು ಏನೂ ಇಲ್ಲ, ಸಾಬೂನೇ ತನ್ನಷ್ಟಕ್ಕೆ ಎಳೆಯಾಗಿ ನಿಂತಿದೆ.

ನಿಂಬೆ, ಕಿತ್ತಳೆ ಸೆಂಟುಗಳಲ್ಲಿ ಲಿಮೊನೀನ್ ಎಂಬ ತೈಲ ಹೆಚ್ಚು. ಅದಕ್ಕೆ ನೀರಿನ ಮೋಹ ಇಲ್ಲ, ಆದ್ದರಿಂದ ಎಳೆಯ ನಡುಭಾಗಕ್ಕೆ ಇಳಿಯುತ್ತದೆ. ನಡುವೆ ಎಣ್ಣೆ ಶೇಖರವಾದಂತೆ ಉದ್ದನೆಯ ಎಳೆಗಿಂತ ದುಂಡನೆಯ ಉಂಡೆಯೇ ಅದನ್ನು ಹಿಡಿದಿಡಲು ಅನುಕೂಲ. ಎಳೆ ತುಂಡು ತುಂಡಾಗಿ, ತುಂಡುಗಳು ಎಣ್ಣೆ ತುಂಬಿದ ಉಂಡೆಗಳಾಗುತ್ತವೆ. ಸಿಕ್ಕು ಬಿಡಿಸಿಕೊಂಡಿತು, ಲಿಕ್ವಿಡ್ ನೀರಾಯಿತು. ಸಾಬೂನಿನ ಅಂಶ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ ಎಂದು ಗಿರಾಕಿಗಳಿಗೆ ಧೈರ್ಯವಾಗಿ ಹೇಳಿ.

ಉಪ್ಪಿನ ವಿಚಾರ. ಉಪ್ಪು ಹೆಚ್ಚಿಸುತ್ತಾ ಹೋದರೆ ಗಟ್ಟಿತನ ಒಂದು ಶಿಖರ ಮುಟ್ಟಿ ಆಮೇಲೆ ಇಳಿಯುತ್ತದೆ. ಎಳೆಗಳು ಕವಲೊಡೆದು ಒಂದಕ್ಕೊಂದು ಬೆಸೆದುಕೊಂಡು, ಕೂಡಿದ ಜಾಗಗಳೇ ಎಳೆಯುದ್ದಕ್ಕೂ ಜಾರತೊಡಗುತ್ತವೆ ಎಂಬುದು ಇದಕ್ಕೆ ಕೊಡುವ ಮುಖ್ಯ ವಿವರಣೆ. ನೀವು ಮೊದಲೇ ಶಿಖರದ ಹತ್ತಿರ ಇದ್ದಿರಿ, ಸೆಂಟು ಹಾಕಿದ ಮೇಲೆ ಸೇರಿಸಿದ ಉಪ್ಪು ಆಚೆ ಬದಿಗೆ ತಳ್ಳಿತು.

ಮಾಡಬೇಕಾದ್ದು ಇಷ್ಟು. ಸೆಂಟನ್ನು ಕೊನೆಗೆ ಹಾಕಬೇಡಿ, ಉಪ್ಪಿಗಿಂತ ಮೊದಲು ಹಾಕಿ ಚೆನ್ನಾಗಿ ಕಲಸಿ. ಉಪ್ಪನ್ನು ಪುಡಿಯಾಗಿ ಸುರಿಯದೆ ನೀರಿನಲ್ಲಿ ಕರಗಿಸಿಟ್ಟುಕೊಂಡು, ಮೊದಲು ಒಂದು ಲೋಟದಷ್ಟು ಲಿಕ್ವಿಡ್ಡಿಗೆ ಚಮಚ ಚಮಚವಾಗಿ ಸೇರಿಸುತ್ತಾ ಯಾವ ಚಮಚಕ್ಕೆ ಅತಿ ಗಟ್ಟಿ ಎಂದು ಬರೆದಿಟ್ಟುಕೊಳ್ಳಿ. ಆ ಲೆಕ್ಕವನ್ನೇ ದೊಡ್ಡ ಬಕೆಟ್ಟಿಗೆ ಹೆಚ್ಚಿಸಿ. ಸೆಂಟಿನ ಬ್ರ್ಯಾಂಡ್ ಬದಲಾದರೆ ಈ ಪರೀಕ್ಷೆ ಮತ್ತೆ ಮಾಡಲೇಬೇಕು. ಲ್ಯಾವೆಂಡರ್‌ನಂಥ ಹೂವಿನ ಸೆಂಟುಗಳಲ್ಲಿ ಮದ್ಯಸಾರದ ಗುಂಪಿನ ತೈಲಗಳು ಹೆಚ್ಚಿರುತ್ತವೆ. ಅವು ನಡುವಿಗೆ ಇಳಿಯದೆ ತಲೆಗಳ ಬಳಿ ನಿಲ್ಲುವುದರಿಂದ ಸ್ವಲ್ಪ ಪ್ರಮಾಣದಲ್ಲಿ ಲಿಕ್ವಿಡ್ಡನ್ನು ಇನ್ನಷ್ಟು ಗಟ್ಟಿ ಮಾಡುವುದೂ ಉಂಟು. ಅಂಗಡಿಯಲ್ಲಿ ಸಿಗುವ ಕೊಕೊ ಬೀಟೇನ್ ಸ್ವಲ್ಪ ಸೇರಿಸಿದರೆ ಎಳೆಗಳು ಕಟ್ಟಿಕೊಳ್ಳಲು ಸಹಾಯವಾಗುತ್ತದೆ. ಹದ ನೋಡುವುದನ್ನು ಮಾತ್ರ ದಿನದ ಒಂದೇ ಹೊತ್ತಿನಲ್ಲಿ ಮಾಡಿ. ಬಿಸಿಲೇರಿದಂತೆ ಎಳೆಗಳು ಗಿಡ್ಡವಾಗಿ, ಬೆಳಿಗ್ಗೆ ಗಟ್ಟಿ ಇದ್ದದ್ದು ಮಧ್ಯಾಹ್ನ ತೆಳುವಾಗಿ ಕಾಣುತ್ತದೆ.

ನಿಮಗೆ ತಲೆನೋವಾದ ಇದೇ ಗುಣವನ್ನು ತೈಲಬಾವಿಗಳಲ್ಲಿ ಬೇಕೆಂದೇ ಬಳಸುತ್ತಾರೆ. ಬಂಡೆಯ ಬಿರುಕಿಗೆ ಮರಳನ್ನು ಹೊತ್ತೊಯ್ಯಲು ಇಂಥ ಎಳೆ ಮೈಸೆಲ್‌ಗಳ ಗಟ್ಟಿ ದ್ರವವನ್ನು ಒತ್ತಡದಿಂದ ಇಳಿಸುತ್ತಾರೆ. ಆಳದಲ್ಲಿ ಕಚ್ಚಾತೈಲ ಸಿಕ್ಕಿದ ಕೂಡಲೇ ಎಳೆಗಳು ಕಡಿದು ದ್ರವ ತೆಳುವಾಗಿ ಮೇಲಕ್ಕೆ ಹರಿದು ಬರುತ್ತದೆ, ಮರಳು ಬಿರುಕಿನಲ್ಲಿಯೇ ಉಳಿದು ಅದನ್ನು ಮುಚ್ಚದಂತೆ ಹಿಡಿಯುತ್ತದೆ. ತೆಳುಮಾಡಲು ಬೇರೆ ರಾಸಾಯನಿಕ ಬೇಕಿಲ್ಲ.

ಪ್ರಶ್ನೆ: ಮೇಡಂ, ನಾನು ಒಂಬತ್ತನೇ ತರಗತಿ. ಎಣ್ಣೆಯಂಥ ವಸ್ತು ಮೈಸೆಲ್ ಒಳಗೆ ಹೋಗುವುದನ್ನು ಮನೆಯಲ್ಲಿ ನೋಡಬಹುದಾ? ನಮ್ಮ ಶಾಲೆಯಲ್ಲಿ ಲ್ಯಾಬ್ ಇಲ್ಲ. — ವಿದ್ಯಾರ್ಥಿ, ಚಾಮರಾಜನಗರ ಜಿಲ್ಲೆ

ಉತ್ತರ: ನೋಡಬಹುದಪ್ಪ. ಅಡುಗೆಮನೆಯ ಅರಿಶಿನ ಸಾಕು. ಅರಿಶಿನದ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ ಎನ್ನಬಹುದು.

ಮೂರು ಗಾಜಿನ ಲೋಟಗಳಲ್ಲಿ ನೀರು ತೆಗೆದುಕೋ. ಒಂದಕ್ಕೆ ಏನೂ ಹಾಕಬೇಡ. ಎರಡನೆಯದಕ್ಕೆ ಒಂದೇ ಹನಿ ಶಾಂಪೂ, ಮೂರನೆಯದಕ್ಕೆ ಎರಡು ಚಮಚ. ಶಾಂಪೂ ಹಾಲಿನ ಬಣ್ಣದ್ದಾಗಿರದೆ ಆಚೆಬದಿ ಕಾಣುವಂಥದ್ದಾಗಿರಲಿ. ಮೂರಕ್ಕೂ ಒಂದೊಂದು ಚಿಟಿಕೆ ಅರಿಶಿನ ಹಾಕಿ, ನೊರೆ ಏಳದಂತೆ ನಿಧಾನವಾಗಿ ಕಲಸಿ, ಒಂದು ಗಂಟೆ ಅಲ್ಲಾಡಿಸದೆ ಬಿಡು. ಮೊದಲ ಎರಡು ಲೋಟಗಳಲ್ಲಿ ಪುಡಿ ತಳಕ್ಕಿಳಿದು ಮೇಲಿನ ನೀರು ಬಹಳ ಪೇಲವವಾಗಿರುತ್ತದೆ. ಮೂರನೆಯದರಲ್ಲೂ ಅರಿಶಿನದ ಪಿಷ್ಟ ತಳ ಸೇರುತ್ತದೆ, ಆದರೆ ಮೇಲಿನ ನೀರು ಗಾಢ ಹಳದಿಯಾಗಿರುತ್ತದೆ. ಆ ಹಳದಿಯೆಲ್ಲ ಮೈಸೆಲ್‌ಗಳ ಒಳಗೆ ಕೂತ ಕರ್ಕ್ಯುಮಿನ್. ಒಂದು ಹನಿಯಲ್ಲಿ ಯಾಕೆ ಆಗಲಿಲ್ಲ? ಸಾಬೂನು ಒಂದು ಮಟ್ಟ ಮುಟ್ಟುವವರೆಗೆ ಮೈಸೆಲ್‌ಗಳು ಕಟ್ಟಿಕೊಳ್ಳುವುದೇ ಇಲ್ಲ. ಸೋಡಿಯಂ ಲಾರಿಲ್ ಸಲ್ಫೇಟಿಗಾದರೆ ಆ ಮಟ್ಟ ಲೀಟರಿಗೆ ಸುಮಾರು 2.3 ಗ್ರಾಂ.

ಹತ್ತಿರದ ಅಂಗಡಿಯಲ್ಲಿ ನೋಟು ಪರೀಕ್ಷಿಸುವ ನೇರಳಾತೀತ ದೀಪವಿದ್ದರೆ ದೊಡ್ಡವರ ಜೊತೆ ಹೋಗಿ ಕತ್ತಲಲ್ಲಿ ಲೋಟಗಳಿಗೆ ಹಿಡಿಸು. ದೀಪವನ್ನು ನೇರವಾಗಿ ನೋಡಬಾರದು. ಮೂರನೆಯ ಲೋಟ ಹಸಿರು ಮಿಶ್ರಿತ ಹಳದಿಯಾಗಿ ಹೊಳೆಯುತ್ತದೆ. ಕರ್ಕ್ಯುಮಿನ್ ನೀರಿನಿಂದ ದೂರವಾಗಿ ಎಣ್ಣೆಯಂಥ ಒಡಲಿನಲ್ಲಿ ಇದ್ದಾಗ ಈ ಹೊಳಪು ಹೆಚ್ಚುತ್ತದೆ. ಶಾಂಪೂ ಬದಲು ಬಟ್ಟೆ ಸೋಪು ಹಾಕಬೇಡ. ಅದು ಕ್ಷಾರ, ಅರಿಶಿನ ಕುಂಕುಮದಂತೆ ಕೆಂಪಾಗಿ ಪ್ರಯೋಗ ಗೊಂದಲವಾಗುತ್ತದೆ.

ಪ್ರಶ್ನೆ: 4 ನ್ಯಾನೊಮೀಟರಿನ ವಸ್ತು ಹಿಗ್ಗಿತು, ಕಡ್ಡಿಯಾಯಿತು ಎಂದು ಬರೆಯುತ್ತೀರಿ. ಯಾರು ಕಂಡವರು? — ನಿವೃತ್ತ ಬ್ಯಾಂಕ್ ಉದ್ಯೋಗಿ, ಉಡುಪಿ

ಉತ್ತರ: ನ್ಯಾಯವಾದ ಪ್ರಶ್ನೆ ಸರ್. ಮೊದಲು ಕಂಡದ್ದು ಕಣ್ಣಿಂದಲ್ಲ, ಲೆಕ್ಕದಿಂದ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿದ್ದ ಜೇಮ್ಸ್ ವಿಲಿಯಂ ಮೆಕ್‌ಬೇನ್ ಸಾಬೂನಿನ ದ್ರಾವಣಗಳನ್ನು ಅಳೆಯುತ್ತಿದ್ದರು. ದ್ರಾವಣ ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತಿತ್ತು, ಆದರೆ ಕಣಗಳ ಎಣಿಕೆ ತಿಳಿಸುವ ಪರಾಸರಣ ಒತ್ತಡ ನೋಡಿದರೆ ಬಿಡಿ ಕಣಗಳ ಸಂಖ್ಯೆ ತೀರಾ ಕಡಿಮೆ. ವಿದ್ಯುದಂಶ ಹೊತ್ತ ಅಣುಗಳು ಗುಂಪುಗೂಡಿದ್ದರೆ ಮಾತ್ರ ಎರಡೂ ಹೊಂದುತ್ತವೆ ಎಂದು ಅವರು 1913ರಲ್ಲಿ ಹೇಳಿದರು. ಒಂದೇ ಬಗೆಯ ವಿದ್ಯುದಂಶದವು ಹೇಗೆ ಗುಂಪುಗೂಡುತ್ತವೆ ಎಂದು ಒಪ್ಪದವರು ಆಗ ಬಹಳ ಮಂದಿ. 1936ರಲ್ಲಿ ಜಿ.ಎಸ್. ಹಾರ್ಟ್ಲಿ ಅದಕ್ಕೆ ಗೋಳದ ರೂಪ ಕೊಟ್ಟರು. ಇದೇ ಮೆಕ್‌ಬೇನ್ ನಿವೃತ್ತಿಯ ನಂತರ ಭಾರತಕ್ಕೆ ಬಂದು ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಮೊದಲ ನಿರ್ದೇಶಕರಾದರು. ಮೈಸೆಲ್‌ಗಳು ಎಣ್ಣೆಯನ್ನು ಕರಗಿಸಿಕೊಳ್ಳುವ ಬಗ್ಗೆ ಅವರ ಪತ್ನಿ ಎಂ.ಇ.ಎಲ್. ಮೆಕ್‌ಬೇನ್ ಅವರು ಇ. ಹಚಿನ್ಸನ್ ಜೊತೆ ಬರೆದ ಗ್ರಂಥ 1955ರಲ್ಲಿ ಹೊರಬಂತು.

ಇಂದು ನ್ಯೂಟ್ರಾನ್ ಕಿರಣಗಳಿವೆ. ದ್ರಾವಣದ ಮೂಲಕ ಹಾಯಿಸಿ, ಅವು ಎಷ್ಟು ಕೋನಕ್ಕೆ ಚದುರುತ್ತವೆ ಎಂದು ಅಳೆದರೆ ಒಳಗಿರುವ ಕಣದ ಗಾತ್ರ, ಆಕಾರ ಎರಡೂ ಸಿಗುತ್ತವೆ. ನ್ಯೂಟ್ರಾನ್‌ಗಳಿಗೆ ಸಾಮಾನ್ಯ ಜಲಜನಕಕ್ಕೂ ಭಾರಜಲಜನಕಕ್ಕೂ ಬಹಳ ವ್ಯತ್ಯಾಸ ಕಾಣುತ್ತದೆ. ಹಾಗಾಗಿ ಭಾರಜಲದಲ್ಲಿ ಮೈಸೆಲ್ ಕಟ್ಟಿ, ಎಣ್ಣೆಯನ್ನು ಒಮ್ಮೆ ಸಾಮಾನ್ಯ ಜಲಜನಕದ್ದು, ಇನ್ನೊಮ್ಮೆ ಭಾರಜಲಜನಕದ್ದು ಎಂದು ಬದಲಿಸಿದರೆ, ಎಣ್ಣೆ ನಡುವಿನಲ್ಲಿದೆಯೋ ಅಂಚಿನಲ್ಲಿದೆಯೋ ಎಂಬುದೂ ತಿಳಿಯುತ್ತದೆ. ನಮ್ಮಲ್ಲಿ ಮುಂಬೈಯ ಟ್ರಾಂಬೆಯಲ್ಲಿರುವ ಧ್ರುವ ರಿಯಾಕ್ಟರಿನಲ್ಲಿ ಇಂಥ ಅಳತೆಗಳು ನಡೆದಿವೆ.

ಪ್ರಶ್ನೆ: ಮಗುವಿಗೆ ಸೊಪ್ಪು, ಕ್ಯಾರೆಟ್ ಕೊಡುವಾಗ ಒಂದಿಷ್ಟು ತುಪ್ಪ ಹಾಕು, ಇಲ್ಲದಿದ್ದರೆ ಮೈಗೆ ಹತ್ತುವುದಿಲ್ಲ ಎಂದು ನಮ್ಮತ್ತೆ ಹೇಳುತ್ತಾರೆ. ಇದರಲ್ಲಿ ವಿಜ್ಞಾನವಿದೆಯೇ? — ಗೃಹಿಣಿ, ಶಿವಮೊಗ್ಗ

ಉತ್ತರ: ಇದೆ, ಅದೂ ಮೈಸೆಲ್‌ಗಳದೇ ವಿಜ್ಞಾನ. ಸೊಪ್ಪು ಮತ್ತು ಕ್ಯಾರೆಟ್ಟಿನ ಬೀಟಾ ಕ್ಯಾರೊಟೀನ್ ನಮ್ಮ ದೇಹದಲ್ಲಿ ಎ ವಿಟಮಿನ್ ಆಗುತ್ತದೆ. ಅದು ನೀರಿನಲ್ಲಿ ಕರಗದು, ಕರುಳಿನ ಗೋಡೆಯ ಮೇಲೋ ನೀರಿನ ಪದರವೊಂದು ಇದ್ದೇ ಇರುತ್ತದೆ. ಅದನ್ನು ದಾಟಿಸಲು ವಾಹನ ಬೇಕು.

ಪಿತ್ತರಸದ ಲವಣಗಳು ದೇಹ ತಾನೇ ತಯಾರಿಸುವ, ಸಾಬೂನಿನಂತೆ ಎಣ್ಣೆ-ನೀರುಗಳ ನಡುವೆ ನಿಲ್ಲುವ ವಸ್ತುಗಳು, ಎಂದರೆ ಸರ್ಫ್ಯಾಕ್ಟಂಟ್‌ಗಳು. ಸಾಬೂನಿನ ಹಾಗೆ ತಲೆ, ಬಾಲ ಇವಕ್ಕಿಲ್ಲ. ಚಪ್ಪಟೆ ಅಣುವಿನ ಒಂದು ಮುಖಕ್ಕೆ ನೀರು ಇಷ್ಟ, ಇನ್ನೊಂದಕ್ಕೆ ಆಗದು. ಬರೀ ಇವೇ ಸೇರಿದರೆ ಕೆಲವೇ ಅಣುಗಳ ಪುಟ್ಟ ಮೈಸೆಲ್ ಆಗುತ್ತದೆ, ಅದರಲ್ಲಿ ಕ್ಯಾರೊಟೀನಿಗೆ ಹೆಚ್ಚು ಜಾಗವಿಲ್ಲ. ಊಟದಲ್ಲಿ ತುಪ್ಪ ಇದ್ದರೆ ಎರಡು ಕೆಲಸ ಆಗುತ್ತವೆ. ಕೊಬ್ಬು ಬಂತೆಂದು ತಿಳಿದ ದೇಹ ಪಿತ್ತಕೋಶವನ್ನು ಹಿಂಡಿ ಪಿತ್ತರಸ ಸುರಿಸುತ್ತದೆ. ಜೊತೆಗೆ ಲೈಪೇಸ್ ಎಂಬ ಕಿಣ್ವ ತುಪ್ಪದ ದಪ್ಪ ಅಣುಗಳನ್ನು ಕತ್ತರಿಸಿ ಕೊಬ್ಬಿನಾಮ್ಲ, ಮಾನೊಗ್ಲಿಸರೈಡ್‌ಗಳನ್ನು ಮಾಡುತ್ತದೆ. ಧಾರವಾಡದವರಿಗೆ ಹೇಳಿದ ಮಾತನ್ನು ನೆನೆಯಿರಿ: ಇಡೀ ಟ್ರೈಗ್ಲಿಸರೈಡ್ ಮೈಸೆಲ್ಲಿಗೆ ಹೊಂದುವುದಿಲ್ಲ, ಕತ್ತರಿಸಿದ ತುಣುಕುಗಳು ಹೊಂದುತ್ತವೆ. ಇವು ಪಿತ್ತಲವಣಗಳ ಜೊತೆ ಸೇರಿದಾಗ ಮೈಸೆಲ್ ದೊಡ್ಡದಾಗುತ್ತದೆ, ಒಡಲು ಎಣ್ಣೆಯಂತಾಗುತ್ತದೆ. ಆಗ ಕ್ಯಾರೊಟೀನ್, ಡಿ, ಇ, ಕೆ ವಿಟಮಿನ್‌ಗಳು ಅದರಲ್ಲಿ ಕೂತು ಕರುಳಿನ ಗೋಡೆ ತಲುಪುತ್ತವೆ. ಅದಕ್ಕೆ ತುಪ್ಪವೇ ಆಗಬೇಕೆಂದಿಲ್ಲ. ಒಗ್ಗರಣೆಯ ಎಣ್ಣೆ, ತೆಂಗಿನತುರಿ, ಶೇಂಗಾಪುಡಿ ಯಾವುದಾದರೂ ನಡೆಯುತ್ತದೆ, ಒಂದು ಚಮಚದಷ್ಟಿದ್ದರೆ ಸಾಕು. ನಿಮ್ಮತ್ತೆಯವರ ಮಾತನ್ನು ಬಿಡಬೇಡಿ.

ಪಿತ್ತಲವಣಗಳ ಮೈಸೆಲ್‌ಗಳು ಪಿತ್ತಕೋಶದಲ್ಲಿ ಕೊಲೆಸ್ಟೆರಾಲನ್ನೂ ಕರಗಿಸಿ ಇಟ್ಟುಕೊಂಡಿರುತ್ತವೆ. ಹಿಡಿಸುವಷ್ಟಕ್ಕಿಂತ ಕೊಲೆಸ್ಟೆರಾಲ್ ಹೆಚ್ಚಾದರೆ ಅದು ಹರಳುಗಟ್ಟುತ್ತದೆ. ಪಿತ್ತಕೋಶದ ಕಲ್ಲುಗಳಲ್ಲಿ ಒಂದು ಬಗೆ ಶುರುವಾಗುವುದು ಹೀಗೆ.

ಪ್ರಶ್ನೆ: ತರಕಾರಿ ಬೆಳೆಗೆ ಬೇವಿನೆಣ್ಣೆಯನ್ನು ಸೋಪಿನ ನೀರಿನಲ್ಲಿ ಕಲಸಿ ಹೊಡೆಯುತ್ತೇವೆ. ಹಾಲಿನಂತೆ ಬೆಳ್ಳಗಾಗುತ್ತದೆ. ಎಣ್ಣೆ ಮೈಸೆಲ್ ಸೇರಿತು ಎಂದರ್ಥವೇ? — ರೈತರು, ಶಿರಸಿ

ಉತ್ತರ: ಇಲ್ಲ. ಮೈಸೆಲ್ ಸೇರಿದ್ದರೆ ದ್ರಾವಣ ತಿಳಿಯಾಗಿಯೇ ಇರುತ್ತಿತ್ತು, ಏಕೆಂದರೆ ಹಿಗ್ಗಿದ ಮೈಸೆಲ್ ಕೂಡ ಬೆಳಕಿನ ತರಂಗದೂರಕ್ಕಿಂತ ಬಹಳ ಚಿಕ್ಕದು. ಬಿಳುಪು ಬಂತೆಂದರೆ ಬೆಳಕನ್ನು ಚದುರಿಸುವಷ್ಟು ದೊಡ್ಡ ಹನಿಗಳಿವೆ ಎಂದರ್ಥ. ನಿಮ್ಮ ಕೆಲಸಕ್ಕೆ ಅಷ್ಟು ಸಾಕು, ಆದರೆ ಈ ಹನಿಗಳು ನಿಧಾನವಾಗಿ ಒಂದಾಗಿ ಎಣ್ಣೆ ಮೇಲೆ ತೇಲುತ್ತದೆ. ಕಲಸಿದ ಕೂಡಲೇ ಹೊಡೆಯಿರಿ, ಕ್ಯಾನನ್ನು ಆಗಾಗ ಅಲ್ಲಾಡಿಸಿ. ಬೋರ್‌ವೆಲ್ ನೀರು ಗಡಸಾಗಿದ್ದರೆ ಅದರ ಕ್ಯಾಲ್ಸಿಯಂ ಸೋಪನ್ನು ಗಷ್ಟಾಗಿಸಿ ನಾಜಲ್ ಕಟ್ಟಿಸುತ್ತದೆ. ಹಾಗಾದಾಗ ಮಳೆನೀರು ಅಥವಾ ಹೊಳೆನೀರು ಬಳಸಿ.

ಪ್ರಶ್ನೆ: ಮುಖದ ಮೇಕಪ್ ತೆಗೆಯಲು 'ಮೈಸೆಲಾರ್ ವಾಟರ್' ಬಳಸುತ್ತೇನೆ. ತೊಳೆಯುವ ಅಗತ್ಯವಿಲ್ಲ ಎಂದು ಬಾಟಲಿಯ ಮೇಲಿದೆ. ಕಾಜಲ್ ಮಾತ್ರ ಪೂರ್ತಿ ಹೋಗುವುದಿಲ್ಲ. — ಐಟಿ ಉದ್ಯೋಗಿ, ಬೆಂಗಳೂರು

ಉತ್ತರ: ಅದರಲ್ಲಿರುವುದು ನೀರು ಮತ್ತು ಸ್ವಲ್ಪ ಪ್ರಮಾಣದ ಸೌಮ್ಯ ಸರ್ಫ್ಯಾಕ್ಟಂಟ್. ಚರ್ಮದ ಜಿಡ್ಡನ್ನು, ಹಗುರ ಮೇಕಪ್ಪನ್ನು ಹತ್ತಿಯ ಒರೆಸುವಿಕೆಯ ನೆರವಿನಿಂದ ಎತ್ತಲು ಅಷ್ಟು ಸಾಕು. ನೀರಿಗೆ ಹೋಗದ ಕಾಜಲ್‌ನಲ್ಲಿ ಮೇಣ ಇರುತ್ತದೆ, ಅದರ ಉದ್ದನೆಯ ಅಣುಗಳು ಗಟ್ಟಿಯಾಗಿ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಮೈಸೆಲ್ ಒಳಗೆ ಬರಲು ಒಲ್ಲವು. ಮೊದಲು ಒಂದೆರಡು ಹನಿ ಕೊಬ್ಬರಿ ಎಣ್ಣೆಯಿಂದ ಮೇಣವನ್ನು ಮೆತ್ತಗೆ ಮಾಡಿ ಒರೆಸಿಕೊಳ್ಳಿ, ಆಮೇಲೆ ಈ ನೀರನ್ನು ಬಳಸಿ. ಕೊನೆಗೆ ಮುಖ ತೊಳೆಯುವುದೇ ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ನೀರು ಆರಿಹೋದರೂ ಸರ್ಫ್ಯಾಕ್ಟಂಟ್ ಆರುವುದಿಲ್ಲ, ತಾನು ಹೀರಿಕೊಂಡ ಜಿಡ್ಡಿನ ಸಮೇತ ಚರ್ಮದ ಮೇಲೆಯೇ ಉಳಿಯುತ್ತದೆ. ಒಣಚರ್ಮದವರಿಗೆ ಅದರಿಂದ ಉರಿ, ತುರಿಕೆ ಬರಬಹುದು.